ಅಪ್‌ಡೇಟ್: ಉಡುಪು ಐಚ್ಛಿಕವಾದ ಹಾಯಿಹಡಗಿನಲ್ಲಿ ಚರ್ಮದ ಉರಿ

ಉಡುಪು ಧರಿಸುವುದು ಐಚ್ಛಿಕವಾಗಿರುವ ಚಿಕ್ಕ ಹಾಯಿಹಡಗಿನ ಪ್ರವಾಸದಲ್ಲಿ ಬಿಸಿಲು ಮತ್ತು ಉಪ್ಪುನೀರಿನಿಂದ ಚರ್ಮ ಉರಿಯದಂತೆ ಏನು ಮಾಡಬೇಕೆಂದು ಕೇಳಿದ್ದೆ. ಪ್ರವಾಸ ಮುಗಿದಿದ್ದು, ಏನಾಯಿತೆಂದು ತಿಳಿಸುತ್ತಿದ್ದೇನೆ.

ನಿಜವಾಗಿ ಫಲ ಕೊಟ್ಟದ್ದು ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನನ್ನು ಎರಡು ಗಂಟೆಗೊಮ್ಮೆ ಮತ್ತು ಪ್ರತಿ ಸಲ ಈಜಿ ಬಂದ ಮೇಲೆ ಹಚ್ಚಿಕೊಳ್ಳಬೇಕೆಂಬ ಸಲಹೆ. ಎಂದೂ ಬಿಸಿಲು ಕಾಣದ ಭಾಗಗಳಿಗೆ ಅದನ್ನು ಧಾರಾಳವಾಗಿ ಹಚ್ಚಿಕೊಳ್ಳಿ ಎಂದು ಬರೆದವರಿಗೆ ನಾನು ವಿಶೇಷವಾಗಿ ಋಣಿ. ಹಾಯಿಯ ನೆರಳಿನಲ್ಲಿ ಕುಳಿತರೆ ಸಾಕೆಂಬ ಮಾತು ನಡೆಯಲಿಲ್ಲ, ಏಕೆಂದರೆ ಆಕಾಶದಿಂದ ಚದುರಿ ಬರುವ ಮತ್ತು ನೀರಿನಿಂದ ಪ್ರತಿಫಲಿಸುವ ನೇರಳಾತೀತ ಕಿರಣಗಳು ನೆರಳನ್ನೂ ಮುಟ್ಟುತ್ತವೆ. ಸಾಲದ್ದಕ್ಕೆ, ಹಡಗು ದಿಕ್ಕು ಬದಲಿಸಿದಾಗಲೆಲ್ಲ ಆ ನೆರಳೂ ಜಾಗ ಬದಲಿಸುತ್ತದೆ. ಎಣ್ಣೆ ಹಚ್ಚಿಕೊಂಡವರು ಡೆಕ್ಕಿನ ಮೇಲೆ ಜಾರಿದ್ದಷ್ಟೇ ಬಂತು.

ಸಿಹಿನೀರು ಮಿತವಾಗಿದ್ದುದರಿಂದ ಮಲಗುವ ಮುನ್ನ ಒದ್ದೆ ಬಟ್ಟೆಯಲ್ಲಿ ಮೈಮೇಲಿನ ಉಪ್ಪನ್ನು ಒರೆಸಿಕೊಂಡೆ, ತುರಿಕೆ ಕಡಿಮೆಯಾಯಿತು.

ಅಚ್ಚರಿಯೆಂದರೆ, ಇಂತಹ ಹಡಗಿನಲ್ಲಿಯೂ ಬಟ್ಟೆಗೆ ಸಾಕಷ್ಟು ಕೆಲಸವಿದೆ: ಹಗ್ಗ ಎಳೆಯುವಾಗ, ಬಿಸಿ ಒಲೆಯ ಮುಂದೆ ನಿಂತಾಗ, ಬರಿಮೈಯನ್ನು ಉಜ್ಜಿ ತರಚುವ ಸುರಕ್ಷತಾ ಬೆಲ್ಟ್ ಕಟ್ಟಿಕೊಳ್ಳುವಾಗ ಮತ್ತು ಬಂದರು ಸಮೀಪಿಸಿದಾಗ ಎಲ್ಲರೂ ಉಡುಪು ಧರಿಸುತ್ತಿದ್ದರು. ಎಲ್ಲಿ ಕುಳಿತರೂ ಕೆಳಗೆ ಸ್ವಂತ ಟವೆಲ್ ಹಾಸಿಕೊಳ್ಳುವುದು ಕಡ್ಡಾಯ. ಆದ್ದರಿಂದ ಹೋಗುವವರು ಟವೆಲ್‌ಗಳನ್ನು ಹೆಚ್ಚಾಗಿಯೇ ಒಯ್ಯಿರಿ.