ತಾಳಿ ಕಟ್ಟಿದರೆ ಪಾಸ್ಟರ್ ಬರಲ್ಲವಂತೆ, ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಮೈಸೂರು ಕಡೆಯವಳು: ನಮ್ಮದು ಹಳೇ ಕ್ಯಾಥೋಲಿಕ್ ಮನೆ. ಹುಡುಗನ ಮನೆಯವರು ಮೊದಲು ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ), ಈಗ ಪೆಂತೆಕೋಸ್ತ್ ಸಭೆಗೆ ಹೋಗ್ತಾರೆ. ಅರಿಶಿನ, ಹೂವು, ತಾಳಿ ಏನಿದ್ದರೂ ಆಶೀರ್ವಾದಕ್ಕೆ ಬರಲ್ಲ ಅಂತ ಅವರ ಪಾಸ್ಟರ್. ತಾಳಿ ಇಲ್ಲದೆ ಮೊಮ್ಮಗಳನ್ನು ಕಳಿಸಲ್ಲ ಅಂತ ನಮ್ಮಜ್ಜಿ. ಮದುವೆ ಜನವರಿಯಲ್ಲಿ. ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಧಾರವಾಡದಾಂವ: ನಮ್ಮದು ಸ್ವಿಟ್ಜರ್‌ಲ್ಯಾಂಡಿನ ಪ್ರೊಟೆಸ್ಟಂಟ್ ಪಾದ್ರಿಗಳ ಬಾಸೆಲ್ ಮಿಷನ್ ಕಾಲದ ಮನೆತನರೀ, ತಾಳಿ ಗೀಳಿ ಏನೂ ಇಲ್ಲ. ತಂಗಿ ಮದುವ್ಯಾಗ ಬೀಗರು ದಾವಣಗೆರೆ ಕಡೆಯವರು, ಕ್ರೂಸಿನ ತಾಳಿ ಬೇಕs ಬೇಕಂದ್ರು. ನಾವು ಒಲ್ಲೆ ಅಂದ್ವಿ. ಅಷ್ಟ್ರಾಗ ಅವರು ಪತ್ತಾರಗ ಎಂಟು ಗ್ರಾಮಿಂದು ಹೇಳಿಬಿಟ್ಟಿದ್ರು. ಮಜೂರಿ ಆರು ಸಾವಿರ ಹೋತು, ಕರಗಿಸಿದಾಗ ತೂಕದಾಗ ಕಳೆದದ್ದು ಬ್ಯಾರೆ. ಅದರ ಅರ್ಧಾ ನಮ್ಮ ಕಡಿಂದ ಇಸಕೊಂಡ್ರು! ಉಂಗುರ ಹಾಕಿದ ಮ್ಯಾಲೆ ಹುಡುಗನ ದೊಡ್ಡಮ್ಮ ಊಟಾ ಬಿಟ್ಟು ಎದ್ದು ಹೋದ್ರು, ಅವರ ಹಿಂದ ಒಂದು ಇಡೀ ಪಂಕ್ತಿ ಎದ್ದಿತು. ಮಾಡಿಸಿದ ಅಡಿಗಿ ಹಾಸ್ಟೆಲಿಗೆ ಕಳಿಸಿದ್ವಿ. ಆದ್ರೂ ನಾವು ಬಗ್ಗಲಿಲ್ಲ. ಈಗ ತಂಗಿ ಆರಾಮ ಇದ್ದಾಳ.

ಕರಾವಳಿಯ ಹೆಂಗಸು: ಉಂಗುರ ಮಾತ್ರ ಬೈಬಲ್‌ನಿಂದ ಬಂದದ್ದಾ ಮಾರಾಯ್ರೆ? ಅದೂ ಕ್ರೈಸ್ತರಿಗಿಂತ ಮುಂಚೆ ರೋಮನ್ನರ ಪದ್ಧತಿ. ನಮ್ಮಲ್ಲಿ ಮದುವೆಯ ಹಿಂದಿನ ದಿನ ರೋಸ್, ಅಂದರೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಮಾಡದಿದ್ದರೆ ಮದುವೆಯೇ ಆಗಲಿಲ್ಲ ಅಂತ ಲೆಕ್ಕ. 1736ರಲ್ಲಿ ಗೋವಾದ ಇನ್‌ಕ್ವಿಸಿಷನ್‌ನವರು (ಚರ್ಚಿನ ಧರ್ಮವಿಚಾರಣೆ ಮಂಡಳಿ) ಮದುಮಕ್ಕಳಿಗೆ ಅರಿಶಿನ, ತೆಂಗಿನೆಣ್ಣೆ ಹಚ್ಚಬಾರದು ಅಂತ ಕಟ್ಟಪ್ಪಣೆ ಹೊರಡಿಸಿದ್ದರು. ಆ ಅಪ್ಪಣೆ ಕಾಗದದಲ್ಲಿ ಉಳಿಯಿತು, ರೋಸ್ ನಮ್ಮ ಅಂಗಳದಲ್ಲಿ ಉಳಿಯಿತು. ನನ್ನ ಸೊಸೆಯ ಮನೆಯವರು ಬೆಂಗಳೂರಿನವರು, 'ಹಾಲ್‌ನವರು ನೆಲ ಅಂಟಾಗುತ್ತದೆ ಅಂತಾರೆ' ಅಂದರು. ಹಾಲ್‌ನವ ಕ್ಲೀನಿಂಗ್ ಅಂತ ಎಂಟು ಸಾವಿರ ಕೇಳಿದ, ಮೇಲೆ ಡೆಪಾಸಿಟ್‌ನಲ್ಲೂ ಮುರಿದುಕೊಂಡ. ಕೊಟ್ಟೆ. ಕರಿಮಣಿ ನನ್ನ ಅತ್ತೆಯದ್ದೇ ಹಾಕಿಸಿದೆ. ಯಾವ ಪಾಸ್ಟರೂ ಕೇಳಲು ಬರಲಿಲ್ಲ.

ಹಾಸನದ ವಿಶ್ವಾಸಿ: ಹುಟ್ಟಿನಿಂದ ಕ್ರೈಸ್ತರಾದವರಿಗೆ ಇದು ಆಟ. ನಾನು ದೀಕ್ಷಾಸ್ನಾನ ತಗೊಂಡವನು. ಅಪ್ಪ ತೀರಿಕೊಂಡಾಗ ಹಿರಿಮಗ ನಾನೇ. ತಲೆ ಬೋಳಿಸಲ್ಲ, ಕೊಳ್ಳಿ ಇಡಲ್ಲ ಅಂದೆ. ಚಿಕ್ಕಪ್ಪ ಸ್ಮಶಾನದಲ್ಲೇ ಕೈ ಎತ್ತಿದರು. ತಿಥಿ ದಿನ ನನ್ನ ಎಲೆ ಹಾಕಲಿಲ್ಲ. ಆಮೇಲೆ ಜಮೀನಿನ ವಿಚಾರ: ಒಂದು ಎಕರೆ ಹತ್ತು ಗುಂಟೆ ನನ್ನ ಪಾಲು, ಪಾಲುಪತ್ರಕ್ಕೆ ತಮ್ಮ ಸಹಿ ಹಾಕಲ್ಲ. ವಕೀಲರಿಗೆ ಕೊಟ್ಟಿದ್ದೇ ಎಪ್ಪತ್ತು ಸಾವಿರ ದಾಟಿದೆ, ಕೇಸು ಇನ್ನೂ ನಡೀತಿದೆ. ಅಮ್ಮ ಫೋನ್ ಎತ್ತಲ್ಲ. ಇಷ್ಟು ಕಳಕೊಂಡವನ ಮುಂದೆ ಎಂಟು ಗ್ರಾಂ, ಅಂಟು ನೆಲ ಅಂತ ಲೆಕ್ಕ ಹೇಳ್ತೀರಲ್ಲ! ವಿಗ್ರಹಕ್ಕೆ ಸೇರಿದ್ದನ್ನು ದೂರ ಇಡಿ ಅಂತ ಅಪೊಸ್ತಲರ ಕೃತ್ಯಗಳು 15ರಲ್ಲೇ ಇದೆ.

ಹಳೇ ಗುಮಾಸ್ತ: ಅದೇ ಅಧ್ಯಾಯದಲ್ಲಿ ಅನ್ಯಜನರಿಗೆ ಸುನ್ನತಿ ಬೇಡ ಅಂತಲೂ ತೀರ್ಮಾನ ಆಗಿದೆ. ಮುಂದಿನ ಅಧ್ಯಾಯದಲ್ಲೇ ಪೌಲ ತಿಮೊಥೆಯನಿಗೆ ಸುನ್ನತಿ ಮಾಡಿಸಿದ, ಆ ಕಡೆಯ ಯೆಹೂದ್ಯರ ಕಾರಣಕ್ಕೆ. ಅಷ್ಟು ಸಲೀಸಾಗಿದ್ದರೆ ನೂರಾರು ವರ್ಷ ಕಿತ್ತಾಡುತ್ತಿರಲಿಲ್ಲ. ಇಟಲಿಯ ಜೆಸುಯಿಟ್ ಪಾದ್ರಿ ದೆ ನೋಬಿಲಿ 1606ರಲ್ಲಿ ಮಧುರೆಗೆ ಬಂದು ಸಂನ್ಯಾಸಿ ವೇಷದಲ್ಲಿ ಕೂತ, ಮತಾಂತರಗೊಂಡವರಿಗೆ ಜುಟ್ಟು, ಜನಿವಾರ ಇರಲಿ ಅಂದ. ಪುದುಚೇರಿಗೆ ಬಂದಿದ್ದ ರೋಮಿನ ಪ್ರತಿನಿಧಿ ಟೂರ್ನನ್ 1704ರಲ್ಲಿ ಪಿಳ್ಳೆಯಾರ್ (ಗಣಪತಿ) ಚಿತ್ರವಿದ್ದ ತಾಳಿ ನಿಷೇಧಿಸಿ, ಶಿಲುಬೆಯದ್ದು ಆಗಬಹುದು ಅಂದರು. ಹಾಗಾಗಿ ಕ್ರೂಸಿನ ತಾಳಿ ನಿನ್ನೆ ಮೊನ್ನೆಯದ್ದಲ್ಲ. 1744ರಲ್ಲಿ ಪೋಪ್ ಆ ಕಟ್ಟಳೆಗಳನ್ನು ಖಾಯಂ ಮಾಡಿದರು, ಇಲ್ಲಿಗೆ ಬರುವ ಮಿಷನರಿಗಳು ಅವನ್ನು ಪಾಲಿಸ್ತೀವಿ ಅಂತ ಆಣೆ ಇಡಬೇಕಿತ್ತು. ಆ ಆಣೆ 1940ರಲ್ಲಿ ಹೋಯಿತು. 1969ರಲ್ಲಿ ಆರತಿ, ಎಣ್ಣೆ ದೀಪ, ಬರಿಗಾಲು, ನೆಲದ ಮೇಲೆ ಕೂರುವುದು ಎಲ್ಲಕ್ಕೂ ರೋಮ್ ಒಪ್ಪಿಗೆ ಕೊಟ್ಟಿತು. ನಮ್ಮೂರ ಚರ್ಚಿನಲ್ಲಿ ದೀಪ ಹಚ್ಚಿದಾಗ ಗಲಾಟೆ ಮಾಡಿದವರಲ್ಲಿ ನನ್ನ ಭಾವನೇ ಮುಂದು. ಈಗ ಅವನೇ ಎಣ್ಣೆ ದಾನ ಮಾಡ್ತಾನೆ, ಡಬ್ಬದ ಮೇಲೆ ಹೆಸರು ಬರೆಸಿ!

ಹಾಸನದ ವಿಶ್ವಾಸಿ: ನನಗೆ ಪೋಪ್ ಲೆಕ್ಕ ಬೇಡ ಸ್ವಾಮಿ. ಜುಟ್ಟು, ಜನಿವಾರ ಉಳಿಸಿದ್ದು ಯಾರ ಅನುಕೂಲಕ್ಕೆ? ಜಾತಿಯನ್ನೂ ಹಾಗೇ ಚರ್ಚಿನ ಒಳಗೆ ತಂದಿರಿ. ಸಮಾಧಿ ತೋಟದಲ್ಲಿ ಬೇರೆ ಬೇರೆ ಸಾಲು ಇದ್ದದ್ದು ಸುಳ್ಳಾ? ಅದನ್ನು ಸಂಸ್ಕೃತಿ ಅಂತೀರಿ.

ಹಳೇ ಗುಮಾಸ್ತ: ಸುಳ್ಳಲ್ಲ. ಆದರೆ ಗೋಡೆ ಕಟ್ಟಿದ್ದು ಜಾತಿ, ತಾಳಿ ಅಲ್ಲ. ಎರಡನ್ನೂ ಒಂದೇ ಮೂಟೆಗೆ ಹಾಕಬೇಡಿ.

ಕೋಲಾರದ ಅಕ್ಕ: ನಾನು ತಾಳಿ ಕಟ್ಟಿಸಿಕೊಂಡೇ ಮದುವೆಯಾದವಳು. ಮಗು ಆದಮೇಲೆ ಯಜಮಾನರು ಹೊಸ ಸಭೆಗೆ ಹೋದರು. ಮೊದಲು ಓಲೆ, ಆಮೇಲೆ ಬಳೆ, ಕೊನೆಗೆ ತಾಳಿ. ಮಾರಿದ ದುಡ್ಡು ಸಭೆ ಕಟ್ಟಡಕ್ಕೆ ಹೋಯ್ತು. ಇವತ್ತಿನ ಚಿನ್ನದ ರೇಟು ನೋಡಿದರೆ ಹೊಟ್ಟೆ ಉರಿಯುತ್ತೆ. ಬರಿ ಕೊರಳಲ್ಲಿ ತವರಿಗೆ ಹೋದಾಗ ಬೀದಿಯವರೆಲ್ಲ ನನ್ನ ಗಂಡ ಸತ್ತ ಅಂದುಕೊಂಡರು. ಗಂಡಸರು ವಚನ ಹೇಳ್ತೀರಿ, ಕೊರಳು ಮಾತ್ರ ನಮ್ಮದು. ಯಜಮಾನರ ಕೈಯಲ್ಲಿ ಚಿನ್ನದ ಬಣ್ಣದ ವಾಚು ಈಗಲೂ ಇದೆ!

ಧಾರವಾಡದಾಂವ: ಅಕ್ಕಾರೀ, ಅದು ಸಭಾದ ತಪ್ಪಲ್ಲ, ಗಂಡನ ತಪ್ಪು.

ಕೋಲಾರದ ಅಕ್ಕ: ಊಟ ಬಿಟ್ಟು ಎದ್ದ ದೊಡ್ಡಮ್ಮ ಮಾತ್ರ ತಪ್ಪಿತಸ್ಥೆ, ಅಲ್ವಾ? ನಿಮ್ಮ ತಂಗಿ ಆರಾಮ ಇದ್ದಾಳೆ ಅಂತ ನೀವು ಹೇಳ್ತಿದ್ದೀರಿ. ಅವಳು ಹೇಳಲಿ.

ಮೈಸೂರು ಕಡೆಯವಳು: ಕ್ಷಮಿಸಿ, ನಾನು ಕೇಳಿದ್ದು... ಚರ್ಚಿನಲ್ಲಿ ಉಂಗುರ ಬದಲಿಸಿ, ತಾಳಿ ಮನೆಯಲ್ಲೇ ಅಜ್ಜಿ ಮುಂದೆ ಕಟ್ಟಿದರೆ ನಡೆಯುತ್ತಾ?

ಹಳೇ ಗುಮಾಸ್ತ: ಕಾನೂನಿಗೆ ನಡೆಯುತ್ತದಮ್ಮ. 1872ರ ಕ್ರೈಸ್ತ ವಿವಾಹ ಕಾಯ್ದೆ ತಾಳಿಯನ್ನೂ ಕೇಳಲ್ಲ, ಉಂಗುರವನ್ನೂ ಕೇಳಲ್ಲ. ಕ್ಯಾಥೋಲಿಕರಲ್ಲದವರ ಜೊತೆ ಮದುವೆ ಅಂದರೆ ಬಿಷಪರ ಅನುಮತಿ ಬೇಕು, ಅದಕ್ಕೆ ಈಗಲೇ ಫಾದರ್ ಹತ್ತಿರ ಹೋಗು.

ಕರಾವಳಿಯ ಹೆಂಗಸು: ಫಾದರ್ ಕನ್ನಡದವರಾದರೆ ಬೇಗ ಆಗುತ್ತದೆ. ನಮ್ಮ ಕಡೆಯವರಾದರೆ ಸ್ವಲ್ಪ ಸ್ಟ್ರಿಕ್ಟ್.

ಹಳೇ ಗುಮಾಸ್ತ: ಬಂತು ನೋಡಿ! ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡ ಪೂಜೆಗೆ ಎಷ್ಟು ಹೋರಾಡಬೇಕಾಯಿತು ಅಂತ ನಿಮಗೆ ಗೊತ್ತಾ? ನಿಮ್ಮ ಕೊಂಕಣಿಗೆ ಯಾರು ಅಡ್ಡ ಬಂದಿದ್ದರು?

ಕರಾವಳಿಯ ಹೆಂಗಸು: ಈಗ ಕೊಂಕಣಿ ಎಲ್ಲಿಂದ ಬಂತು? ನಾನು ಹೇಳಿದ್ದು ತೆಂಗಿನ ಹಾಲಿನ ವಿಷಯ.

ಧಾರವಾಡದಾಂವ: ನಮ್ಮ ಕಡೆ ಕನ್ನಡದಾಗs ಆರಾಧನಿ, ಅದೂ ಬಾಸೆಲ್‌ನವರ ಕಾಲದಿಂದ. ಜಗಳ ಎಲ್ಲಾ ನಿಮ್ಮ ದಕ್ಷಿಣದ್ದು.