ಡಬಲ್ಸ್ ಕಪ್ಲಿಂಗ್: ಡಾಲಿ ಮೊದಲು ಯಾವುದಕ್ಕೆ? ಹಿಂದಿನ ಟ್ರೇಲರ್‌ಗೆ ಗಾಳಿ ಹೋಗಿದೆ ಅಂತ ಗೊತ್ತಾಗೋದು ಹೇಗೆ?

ಪ್ರಶ್ನೆ
ನಮಸ್ಕಾರ. ಅಮೆರಿಕದಲ್ಲಿ ಕ್ಲಾಸ್ ಎ ಸಿಡಿಎಲ್ (ಭಾರಿ ಲಾರಿ ಓಡಿಸೋ ಲೈಸೆನ್ಸ್) ಇದೆ, ಈಗ ‘ಟಿ’ ಎಂಡಾರ್ಸ್‌ಮೆಂಟ್‌ಗೆ, ಅಂದ್ರೆ ಡಬಲ್ಸ್ (ಒಂದೇ ಲಾರಿಗೆ ಎರಡು ಟ್ರೇಲರ್) ಎಳೆಯೋ ಅನುಮತಿಗೆ, ಓದ್ತಿದ್ದೀನಿ. 28 ಅಡಿಯ ಎರಡು ಪಪ್ (ಗಿಡ್ಡ) ಟ್ರೇಲರ್, ಮಧ್ಯೆ ಸಿಂಗಲ್ ಆಕ್ಸಲ್ ಕನ್ವರ್ಟರ್ ಡಾಲಿ (ಹಿಂದಿನ ಟ್ರೇಲರ್‌ನ ಮೂತಿ ಹೊರೋ ಚಕ್ರದ ಗಾಡಿ). ಯಾವ ಟ್ರೇಲರ್ ಮುಂದಿರಬೇಕು? ಡಾಲಿನ ಮೊದಲು ಯಾವುದಕ್ಕೆ ಸಿಕ್ಕಿಸಬೇಕು? ಎಲ್ಲಾ ಜೋಡಿಸಿದ ಮೇಲೆ ಕೊನೆಯ ಟ್ರೇಲರ್‌ಗೆ ಬ್ರೇಕ್ ಇದೆ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ? ಬಲ್ಲವರು ತಿಳಿಸಿ.

ಉತ್ತರ 1
ಭಾರ ಇರೋದು ಮುಂದೆ, ಹಗುರ ಇರೋದು ಹಿಂದೆ. ಇದರಲ್ಲಿ ರಾಜಿ ಬೇಡ. ಸ್ಟೀರಿಂಗ್ ಗಕ್ಕನೆ ತಿರುಗಿಸಿದಾಗ ಡಬಲ್ಸ್‌ನ ಕೊನೆಯ ಟ್ರೇಲರ್ ಪಲ್ಟಿ ಆಗೋ ಸಾಧ್ಯತೆ ಟ್ರ್ಯಾಕ್ಟರ್‌ಗಿಂತ (ಮುಂದೆ ಎಳೆಯೋ ಲಾರಿಗಿಂತ) ಎರಡು ಪಟ್ಟು. ಅದಕ್ಕೇ ಕೊಂಡಿ ಹಾಕೋ ಮೊದಲೇ ಪೇಪರ್ ತೆಗೆದು ತೂಕ ನೋಡಿ.

ಮುಂದಿನ ಟ್ರೇಲರ್‌ನ ಎಂದಿನಂತೆ ಟ್ರ್ಯಾಕ್ಟರ್‌ಗೆ ಹಾಕಿ. ಹಿಂದಿನದರ ಬ್ರೇಕ್ ಲಾಕ್ ಆಗಿರಬೇಕು. ಸ್ಪ್ರಿಂಗ್ ಬ್ರೇಕ್ (ಗಾಳಿ ಇಲ್ಲದಾಗ ತಾನೇ ಹಿಡಿಯೋ ಬ್ರೇಕ್) ಇಲ್ಲದ ಹಳೇದಾದ್ರೆ ಚಕ್ರಕ್ಕೆ ಅಡೆ ಕೊಡಿ. ಡಾಲಿ ಆ ಟ್ರೇಲರ್‌ನ ಕಿಂಗ್‌ಪಿನ್‌ಗೆ (ಮೂತಿಯ ಕೆಳಗಿನ ಗೂಟಕ್ಕೆ) ನೇರವಾಗಿ ನಿಲ್ಲಬೇಕು. ದೂರ ಇದ್ರೆ ಕೈಯಲ್ಲಿ ತಳ್ಳೋ ಸಾಹಸ ಬೇಡ, ಮುಂದಿನ ಟ್ರೇಲರ್‌ಗೇ ಸಿಕ್ಕಿಸಿ ಎಳ್ಕೊಂಡು ಬನ್ನಿ.

ಆಮೇಲೆ ಮುಂದಿನ ಟ್ರೇಲರ್‌ನ ಪಿಂಟಲ್ ಹುಕ್‌ಗೆ (ಹಿಂಭಾಗದ ಕೊಕ್ಕೆಗೆ) ಡಾಲಿ ಹಾಕಿ, ಹುಕ್ ಲಾಕ್ ಮಾಡಿ, ಡಾಲಿಯ ಸಪೋರ್ಟ್ ಎತ್ತಿ ಭದ್ರ ಮಾಡಿ. ಇಷ್ಟಾದ ಮೇಲೇನೇ ರಿವರ್ಸ್ ಹೋಗಿ ಡಾಲಿನ ಹಿಂದಿನ ಟ್ರೇಲರ್ ಕೆಳಗೆ ನುಗ್ಗಿಸೋದು. ಟ್ರೇಲರ್ ಮೂತಿ ಡಾಲಿಯ ಫಿಫ್ತ್ ವೀಲ್ (ಕಿಂಗ್‌ಪಿನ್ ಹಿಡಿಯೋ ದವಡೆ ಇರೋ ತಟ್ಟೆ) ಮಧ್ಯಭಾಗಕ್ಕಿಂತ ಸ್ವಲ್ಪ ತಗ್ಗಿರಬೇಕು, ಡಾಲಿ ಒಳಹೋಗ್ತಾ ಅದನ್ನ ಕೊಂಚ ಎತ್ತಬೇಕು. ಎತ್ತರ ಜಾಸ್ತಿ ಇದ್ರೆ ಕಿಂಗ್‌ಪಿನ್ ದವಡೆಗೆ ಸಿಗದೆ ಮೇಲೇ ಕೂರುತ್ತೆ. ಹೊರಗಿಂದ ನೋಡಿದ್ರೆ ಸರಿಯಾಗಿದೆ ಅನ್ಸುತ್ತೆ, ಅದೇ ಮೋಸ.

ಲ್ಯಾಂಡಿಂಗ್ ಗೇರ್ (ಬಿಚ್ಚಿಟ್ಟ ಟ್ರೇಲರ್ ನಿಲ್ಲೋ ಮುಂಗಾಲು) ನೆಲ ಬಿಡುವಷ್ಟು ಮಾತ್ರ ಎತ್ತಿ, ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಿ. ಟಾರ್ಚ್ ಹಿಡಿದು ಕೆಳಗೆ ಬಗ್ಗಿ: ಎರಡು ಪ್ಲೇಟ್ ನಡುವೆ ಸಂದು ಇರಬಾರದು, ದವಡೆ ಕಿಂಗ್‌ಪಿನ್ ಸುತ್ತ ಮುಚ್ಚಿರಬೇಕು. ಬಳಿಕ ಸೇಫ್ಟಿ ಚೈನ್, ಗಾಳಿ ಪೈಪ್, ಲೈಟ್ ಕೇಬಲ್. ಲ್ಯಾಂಡಿಂಗ್ ಗೇರ್ ಪೂರ್ತಿ ಮೇಲಕ್ಕೆ.

ಉತ್ತರ 2
ಗಾಳಿ ವಿಷಯ ನಾನು ಹೇಳ್ತೀನಿ. ಊರಲ್ಲಿ ಟ್ರ್ಯಾಕ್ಟರ್‌ಗೆ ಕಬ್ಬಿನ ಎರಡು ಟ್ರೇಲರ್ ಕಟ್ಟೋದನ್ನ ನೋಡಿದವರಿಗೆ ಪಿನ್ ಬಿದ್ರೆ ಕೆಲಸ ಮುಗೀತು ಅನ್ಸುತ್ತೆ. ಇಲ್ಲಿ ಅರ್ಧ ಕೆಲಸ ಇನ್ನೂ ಬಾಕಿ.

ಮುಂದಿನ ಟ್ರೇಲರ್ ಹಿಂಭಾಗದ ಶಟ್-ಆಫ್ ವಾಲ್ವ್ (ಗಾಳಿ ತಡೆಯೋ ವಾಲ್ವ್) ಎರಡೂ ತೆರೆದಿರಬೇಕು, ಡಾಲಿಯಲ್ಲಿದ್ರೆ ಅವೂ. ಕೊನೆಯ ಟ್ರೇಲರ್ ಹಿಂದಿನ ಎರಡೂ ಮುಚ್ಚಿರಬೇಕು. ಡಾಲಿಯ ಏರ್ ಟ್ಯಾಂಕ್ ಪೆಟ್‌ಕಾಕ್ (ಗಾಳಿ ಹೊರಬಿಡೋ ಪುಟ್ಟ ನಲ್ಲಿ) ಮುಚ್ಚಿರಬೇಕು. ಡಾಲಿ ಸರಿಸೋಕೆ ಅಂತ ತೆರೆದವರು ಮುಚ್ಚೋದು ಮರೀತಾರೆ.

ಗಾಳಿ ತುಂಬಿಸಿ, ಟ್ರೇಲರ್ ಹ್ಯಾಂಡ್ ಬ್ರೇಕ್ ಹಾಕಿಟ್ಟು ಇಳಿದು ಕೊನೆಗೆ ಹೋಗಿ. ಮೊದಲು ಎಮರ್ಜೆನ್ಸಿ ಲೈನ್ (ಟ್ರೇಲರ್ ಟ್ಯಾಂಕ್ ತುಂಬಿಸೋ ಪೈಪ್) ವಾಲ್ವ್ ತೆರೆಯಿರಿ, ಬುಸ್ ಅಂತ ಗಾಳಿ ಬರಬೇಕು, ಮುಚ್ಚಿ. ಆಮೇಲೆ ಸರ್ವಿಸ್ ಲೈನ್ (ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಸೋ ಪೈಪ್) ಹಾಗೇ ನೋಡಿ ಮುಚ್ಚಿ. ಬಹಳ ಜನ ಮೊದಲನೇದು ನೋಡಿ ಸುಮ್ಮನಾಗ್ತಾರೆ. ಮಧ್ಯದ ಸರ್ವಿಸ್ ವಾಲ್ವ್ ಒಂದೇ ಮುಚ್ಚಿದ್ರೆ ಸ್ಪ್ರಿಂಗ್ ಬ್ರೇಕ್ ಬಿಡುತ್ತೆ, ಗಾಡಿ ಆರಾಮಾಗಿ ಹೊರಡುತ್ತೆ, ಪೆಡಲ್ ಒತ್ತಿದಾಗ ಹಿಂದಿನ ಟ್ರೇಲರ್ ಮಾತ್ರ ಬ್ರೇಕ್ ಹಿಡಿಯಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ಹಿಂದೆ ಗಾಳಿ ಬರಲೇ ಇಲ್ಲ ಅಂದ್ರೆ ಎಲ್ಲಿಂದ ಹುಡುಕಬೇಕು?

ಉತ್ತರ 2
ಮುಂದಿಂದ ಹಿಂದಕ್ಕೆ, ಒಂದೊಂದೇ ಜಾಯಿಂಟ್. ಸಾಮಾನ್ಯವಾಗಿ ಮಧ್ಯದ ವಾಲ್ವ್ ಮುಚ್ಚಿರುತ್ತೆ. ಇಲ್ಲಾಂದ್ರೆ ಗ್ಲಾಡ್‌ಹ್ಯಾಂಡ್ (ಗಾಳಿ ಪೈಪ್ ಸೇರಿಸೋ ಕೊಂಡಿ) ಅದಲು ಬದಲು: ಕೆಂಪು ಎಮರ್ಜೆನ್ಸಿ, ನೀಲಿ ಸರ್ವಿಸ್. ಅದಲಾದ್ರೆ ಟ್ಯಾಂಕ್ ತುಂಬಲ್ಲ, ಸ್ಪ್ರಿಂಗ್ ಬ್ರೇಕ್ ಬಿಡಲ್ಲ. ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೇ ಟ್ರೇಲರ್ ಆದ್ರೆ ಚಕ್ರ ಸಲೀಸಾಗಿ ತಿರುಗುತ್ತೆ, ಆದ್ರೆ ಬ್ರೇಕೇ ಇರಲ್ಲ. ಗ್ಲಾಡ್‌ಹ್ಯಾಂಡ್ ರಬ್ಬರ್ ಸೀಲ್ ಹರಿದಿದೆಯಾ ಅಂತಾನೂ ನೋಡಿ.

ಉತ್ತರ 3
ಬಿಚ್ಚುವಾಗಿನ ಮಾತೂ ಸೇರಿಸ್ತೀನಿ, ಪರೀಕ್ಷೆಯಲ್ಲೂ ಕೇಳಬಹುದು. ಡಾಲಿ ಇನ್ನೂ ಹಿಂದಿನ ಟ್ರೇಲರ್ ಕೆಳಗಿರುವಾಗ ಪಿಂಟಲ್ ಹುಕ್ ಯಾವತ್ತೂ ತೆಗೀಬೇಡಿ. ಡಾಲಿಯ ಮೂತಿ ಛಂಗನೆ ಮೇಲೆ ಹಾರಬಹುದು, ಪಕ್ಕದಲ್ಲಿ ನಿಂತವರಿಗೆ ಪೆಟ್ಟು ಗ್ಯಾರಂಟಿ. ಮೊದಲು ಹಿಂದಿನ ಟ್ರೇಲರ್‌ನ ಲ್ಯಾಂಡಿಂಗ್ ಗೇರ್ ಇಳಿಸಿ, ಮಧ್ಯದ ವಾಲ್ವ್ ಮುಚ್ಚಿ, ಪೈಪ್ ಕೇಬಲ್ ಬಿಡಿಸಿ, ಫಿಫ್ತ್ ವೀಲ್ ಲಾಕ್ ತೆಗೆದು, ಡಾಲಿ ಸಮೇತ ನಿಧಾನಕ್ಕೆ ಮುಂದೆ ಬನ್ನಿ. ಡಾಲಿ ಪೂರ್ತಿ ಹೊರಬಂದ ಮೇಲೆ ಅದರ ಸಪೋರ್ಟ್ ಇಳಿಸಿ, ಚೈನ್ ಬಿಚ್ಚಿ, ಡಾಲಿ ಚಕ್ರಕ್ಕೆ ಅಡೆ ಕೊಟ್ಟು ಹುಕ್ ತೆಗೀರಿ.