ಮೂರೂವರೆಗೆ ಏಳುವವರ ತಹಜ್ಜುದ್: ಗುಂಪಿನಲ್ಲಿ ಬಂದ ಪ್ರಶ್ನೆಗಳು, ಇಮಾಮರ ಉತ್ತರ

ಪ್ರಶ್ನೆ (ಕಾರವಾರದ ಸಹೋದರಿ): ಅಸ್ಸಲಾಮು ಅಲೈಕುಂ ಮೌಲಾನಾ. ನಮ್ಮನೆಯವರು ಬೈತಖೋಲ ಬಂದರಿನಲ್ಲಿ ಮೀನು ಹಿಡಿದು ಮಾರುವ ವ್ಯಾಪಾರ ಮಾಡುತ್ತಾರೆ. ನಾಲ್ಕೂಕಾಲಿಗೆ ಮನೆ ಬಿಡಬೇಕು. ಅವರಿಗೆ ಚಹಾ, ರೊಟ್ಟಿ ಮಾಡಿಕೊಡಲು ನಾನು ಮೂರೂವರೆಗೇ ಏಳುತ್ತೇನೆ. ಹೇಗೂ ಎದ್ದಿರುತ್ತೇನಲ್ಲ, ತಹಜ್ಜುದ್ (ರಾತ್ರಿ ಎದ್ದು ಮಾಡುವ ನಮಾಜ್) ಮಾಡೋಣ ಅಂತ ಆಸೆ. ಆದರೆ ಅತ್ತೆ ಬೇಡ ಅಂತಾರೆ. ಶುರು ಮಾಡಿದರೆ ಸಾಯುವ ತನಕ ಬಿಡಬಾರದಂತೆ, ಬಿಟ್ಟರೆ ಮನೆಗೆ ಕೆಟ್ಟದಂತೆ. ಎಂಟು ರಕಾತ್‌ಗಿಂತ (ನಮಾಜಿನ ಸುತ್ತುಗಳು) ಕಡಿಮೆ ಮಾಡಿದರೆ ಲೆಕ್ಕಕ್ಕಿಲ್ಲ ಅಂತಲೂ ಕೇಳಿದ್ದೇನೆ. ನನಗೆ ಬರೋದು ಕುರ್‌ಆನಿನ ನಾಲ್ಕೈದು ಸಣ್ಣ ಸೂರಾಗಳು (ಅಧ್ಯಾಯಗಳು) ಅಷ್ಟೆ. ಮಾಡಬಹುದಾ?

ಉತ್ತರ (ಹೊನ್ನಾವರ ಕಡೆಯ ಒಂದು ಮಸೀದಿಯ ಇಮಾಮ್): ವ ಅಲೈಕುಮುಸ್ಸಲಾಂ ತಂಗಿ. ಖಂಡಿತ ಮಾಡಿ. ನಾಳೆಯಿಂದಲೇ ಮಾಡಿ.

ಮೊದಲು ಹೊತ್ತಿನ ಮಾತು. ಇಶಾ (ರಾತ್ರಿಯ ಕಡ್ಡಾಯ ನಮಾಜ್) ಆದ ಮೇಲೆ ಒಂದು ನಿದ್ದೆ ಮಾಡಿ ಎದ್ದು, ಫಜ್ರ್ (ಬೆಳಗಿನ ಜಾವದ ನಮಾಜ್) ಹೊತ್ತು ಬರುವ ಮುಂಚೆ ಮಾಡುವ ನಮಾಜೇ ತಹಜ್ಜುದ್. ಅದರಲ್ಲೂ ರಾತ್ರಿಯ ಕೊನೆಯ ಮೂರನೇ ಪಾಲು ಶ್ರೇಷ್ಠ. ಮಗ್ರಿಬ್ (ಸೂರ್ಯ ಮುಳುಗಿದಾಗಿನ ನಮಾಜ್) 6:30ಕ್ಕೆ, ಫಜ್ರ್ 5:30ಕ್ಕೆ ಅಂತ ಇಟ್ಟುಕೊಳ್ಳಿ. ಅಲ್ಲಿಗೆ ರಾತ್ರಿಯ ಉದ್ದ 11 ಗಂಟೆ. ಒಂದು ಪಾಲಿಗೆ 3 ಗಂಟೆ 40 ನಿಮಿಷ. ಅಂದರೆ ಕೊನೆಯ ಪಾಲು 1:50ಕ್ಕೇ ಶುರು. ನೀವು ಏಳುವ ಮೂರೂವರೆ ಅದರ ನಟ್ಟನಡುವೆ ಇದೆ. ಯಾರಿದ್ದಾರೆ ನನ್ನನ್ನು ಕರೆಯುವವರು, ಅವರಿಗೆ ಓಗೊಡುತ್ತೇನೆ ಅಂತ ಅಲ್ಲಾಹು ಹೇಳುವ ಹೊತ್ತು ಅದು ಎಂದು ಬುಖಾರಿ, ಮುಸ್ಲಿಂ ಎರಡೂ ಗ್ರಂಥಗಳ ಹದೀಸಿನಲ್ಲಿದೆ (ಪ್ರವಾದಿಯವರ ನುಡಿ-ನಡೆಯ ವರದಿ). ಬೇರೆಯವರು ಅಲಾರಾಂ ಇಟ್ಟು ಒದ್ದಾಡುತ್ತಾರೆ. ನಿಮಗೆ ಮನೆಗೆಲಸವೇ ಎಬ್ಬಿಸಿಕೊಡುತ್ತಿದೆ.

ಎಂಟೇ ಆಗಬೇಕು ಅನ್ನುವುದು ಸರಿಯಲ್ಲ. ಪ್ರವಾದಿಯವರು (ಸ) ರಮಝಾನಿನಲ್ಲಾಗಲಿ ಬೇರೆ ತಿಂಗಳಲ್ಲಾಗಲಿ ವಿತ್ರ್ (ರಾತ್ರಿಯ ಕೊನೆಗೆ ಮಾಡುವ ಬೆಸ ಸಂಖ್ಯೆಯ ನಮಾಜ್) ಸೇರಿ ಹನ್ನೊಂದಕ್ಕಿಂತ ಜಾಸ್ತಿ ಮಾಡುತ್ತಿರಲಿಲ್ಲ ಎಂದು ಅವರ ಪತ್ನಿ ಆಯಿಶಾ (ರ) ಹೇಳಿದ್ದಾರೆ. ಅದರಲ್ಲಿ ವಿತ್ರ್‌ನ ಮೂರು ಕಳೆದರೆ ಎಂಟು, ಆ ಮಾತು ಬಂದದ್ದು ಅಲ್ಲಿಂದ. ಆದರೆ ರಾತ್ರಿ ನಮಾಜ್ ಎರಡೆರಡು ರಕಾತ್ ಎಂದೂ ಪ್ರವಾದಿಯವರೇ (ಸ) ಕಲಿಸಿದ್ದಾರೆ. ಎರಡು ಮಾಡಿ ಸಲಾಂ ಕೊಟ್ಟರೆ (ನಮಾಜ್ ಮುಗಿಸಿದರೆ) ನಿಮ್ಮದು ಆಯಿತು. ಸಣ್ಣ ಸೂರಾ ಧಾರಾಳ ಸಾಕು. ಸುಲಭವಾದಷ್ಟು ಓದಿ ಎಂದು ಸೂರಾ ಮುಝಮ್ಮಿಲ್‌ನ ಕೊನೆಯ ಆಯತ್ತಿನಲ್ಲೇ (ವಚನದಲ್ಲೇ) ಇದೆ. ಸಲಾಂ ಕೊಟ್ಟ ಮೇಲೆ ಕೈಯೆತ್ತಿ ನಿಮ್ಮ ಮನೆಮಾತಿನಲ್ಲೇ ಕೇಳಿ. ಅರಬಿ ಬರಲ್ಲ ಅಂತ ಸುಮ್ಮನೆ ಎದ್ದು ಹೋಗಬೇಡಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಬಿಟ್ಟರೆ ಮನೆಗೆ ಕೆಟ್ಟದು ಅನ್ನುವುದಕ್ಕೆ ಆಧಾರ ಇಲ್ಲ. ಇದು ನಫಿಲ್ (ಇಷ್ಟದಿಂದ ಮಾಡುವುದು), ಫರ್ಝ್ (ಕಡ್ಡಾಯ) ಅಲ್ಲ. ಬಿಟ್ಟವರಿಗೆ ಪಾಪವೂ ಇಲ್ಲ. ಆದರೂ ಹಿರಿಯರು ಹಾಗೆ ಹೇಳುವುದರ ಹಿಂದೆ ಒಂದು ಅಂಶ ಇದೆ. ರಾತ್ರಿ ನಮಾಜ್ ಮಾಡುತ್ತಿದ್ದು ಆಮೇಲೆ ಬಿಟ್ಟವರ ಹಾಗೆ ಆಗಬೇಡ ಎಂದು ಪ್ರವಾದಿಯವರು (ಸ) ಒಬ್ಬ ಸಂಗಾತಿಗೆ ಹೇಳಿದ್ದರು. ಅದಕ್ಕೇ ಕಡಿಮೆಯಿಂದ ಶುರು ಮಾಡಿ. ಕೊಂಚವೇ ಆದರೂ ತಪ್ಪದೆ ಮಾಡುವ ಕೆಲಸ ಅಲ್ಲಾಹನಿಗೆ ಎಲ್ಲಕ್ಕಿಂತ ಇಷ್ಟ. ಅತ್ತೆಯವರ ಜೊತೆ ವಾದ ಬೇಡ. ಒಂದು ದಿನ ಅವರಿಗೂ ವುಝೂಗೆ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯಲು) ನೀರು ಕೊಟ್ಟು ನೋಡಿ.

ನನ್ನ ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಲಗುವ ಮುಂಚೆ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿ, ಚಾಪೆಯ ಪಕ್ಕ ಇಡುತ್ತಿದ್ದರು. ಮಳೆಗಾಲದ ರಾತ್ರಿ ಬಾವಿಕಟ್ಟೆಗೆ ಹೋಗುವುದು ಕಷ್ಟ, ಅದಕ್ಕೆ. ತಟ್ಟೆ ತೆಗೆದ ಸದ್ದಿಗೆ ನನಗೆ ಅರೆ ಎಚ್ಚರ ಆಗುತ್ತಿತ್ತು. ಹೆಂಚಿನ ಮೇಲೆ ಮಳೆ. ಅದರ ನಡುವೆ ಅಜ್ಜಿಯ ಪಿಸುದನಿ. ಮಾಡುತ್ತಿದ್ದದ್ದು ಎರಡೇ ರಕಾತ್. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕೇಳುವುದು. ಗಲ್ಫಿಗೆ ಹೋದ ಮಾವನಿಂದ ಶುರುವಾಗಿ ಕರು ಹಾಕಬೇಕಿದ್ದ ಹಸುವಿನ ತನಕ. ನನಗೆ ತಹಜ್ಜುದ್ ಅಂದರೆ ಮೊದಲು ನೆನಪಾಗುವುದು ಆ ತಟ್ಟೆಯ ಸದ್ದು. ಕಿತಾಬು ಆಮೇಲೆ ಬಂತು.

ಅದೇ ಸಹೋದರಿ: ಜಝಾಕಲ್ಲಾಹ್ ಮೌಲಾನಾ. ಇನ್ನೊಂದು. ಜೂನ್, ಜುಲೈ ಎರಡು ತಿಂಗಳು ಬೋಟು ಬಂದ್. ಆಗ ಇವರೂ ಏಳಲ್ಲ, ನನಗೂ ಎಚ್ಚರ ಆಗಲ್ಲ. ಅಭ್ಯಾಸ ತಪ್ಪಿಹೋದರೆ?

ಉತ್ತರ: ಆ ಎರಡು ತಿಂಗಳು ಮೂರೂವರೆಗೇ ಏಳಬೇಕೆಂದಿಲ್ಲ. ಫಜ್ರ್‌ಗೆ ಹದಿನೈದು ನಿಮಿಷ ಮುಂಚೆ ಎದ್ದರೂ ಎರಡು ರಕಾತ್ ಆಗುತ್ತದೆ. ಜೂನ್‌ನಲ್ಲಿ ನಮ್ಮ ಕಡೆ ಫಜ್ರ್ ಹೊತ್ತು ಐದರ ಒಳಗೇ ಬರುತ್ತದೆ, ಅದೊಂದು ಗಮನದಲ್ಲಿರಲಿ. ಯಾವತ್ತಾದರೂ ತಪ್ಪಿದರೆ ಹಗಲಲ್ಲಿ ಮಾಡಿ. ಪ್ರವಾದಿಯವರಿಗೆ (ಸ) ನೋವಿನಿಂದಲೋ ನಿದ್ದೆಯಿಂದಲೋ ರಾತ್ರಿ ನಮಾಜ್ ತಪ್ಪಿದಾಗ ಹಗಲಲ್ಲಿ ಹನ್ನೆರಡು ರಕಾತ್ ಮಾಡುತ್ತಿದ್ದರು.

ಪ್ರಶ್ನೆ (ಶಿರಸಿಯ ಲಾರಿ ಚಾಲಕರು): ಮೌಲಾನಾ, ನಮ್ಮೂರಲ್ಲಿ ವಿತ್ರ್ ಮೂರೂ ರಕಾತ್ ಒಟ್ಟಿಗೆ ಮಾಡುತ್ತೇವೆ. ಲೋಡ್ ತಗೊಂಡು ಭಟ್ಕಳಕ್ಕೆ ಹೋದರೆ ಅಲ್ಲಿ ಎರಡಕ್ಕೆ ಸಲಾಂ ಕೊಟ್ಟು, ಮತ್ತೆ ಎದ್ದು ಒಂದು ಮಾಡುತ್ತಾರೆ. ಯಾವುದು ಸರಿ? ಮಲಗುವ ಮುಂಚೆ ವಿತ್ರ್ ಮಾಡಿ, ಆಮೇಲೆ ಎಚ್ಚರ ಆದರೆ ತಹಜ್ಜುದ್ ಮಾಡಬಹುದಾ?

ಉತ್ತರ: ಎರಡೂ ಸರಿ ಅಣ್ಣಾ. ನಿಮ್ಮೂರಿನದು ಹನಫಿ ಪಂಥದ ರೀತಿ. ಭಟ್ಕಳದ ನವಾಯತ ಮುಸ್ಲಿಮರು ಶಾಫಿ ಪಂಥದವರು. ಹನಫಿಗಳಿಗೆ ವಿತ್ರ್ ವಾಜಿಬ್ (ಮಾಡಲೇಬೇಕಾದದ್ದು), ಶಾಫಿಗಳಿಗೆ ಬಿಡಬಾರದ ಸುನ್ನತ್ (ಪ್ರವಾದಿಯವರ ರೂಢಿ). ನೀವು ನಿಮ್ಮ ರೀತಿಯಲ್ಲೇ ಮಾಡಿ. ಏಳುವ ನಂಬಿಕೆ ಇಲ್ಲದವರು ವಿತ್ರ್ ಮಾಡಿಯೇ ಮಲಗಬೇಕು. ಆಮೇಲೆ ಎಚ್ಚರ ಆದರೆ ಎರಡೆರಡು ಮಾಡಬಹುದು. ವಿತ್ರ್ ಮಾತ್ರ ಮತ್ತೆ ಬೇಡ, ಒಂದೇ ರಾತ್ರಿಗೆ ಎರಡು ವಿತ್ರ್ ಇಲ್ಲ.

ಒಂದು ಮಾತು ಕಡ್ಡಾಯವಾಗಿ ಕೇಳಿ. ದೇವಿಮನೆ ಘಟ್ಟ ಇಳಿಯುವ ರಾತ್ರಿ ಗಾಡಿ ನಿಲ್ಲಿಸಿ ಮಲಗಲು ಒಂದು ಗಂಟೆ ಸಿಕ್ಕರೆ, ಮಲಗಿ. ನಮಾಜಿನಲ್ಲಿ ತೂಕಡಿಕೆ ಬಂದರೆ ಮಲಗಿಕೊಳ್ಳಿ, ಕ್ಷಮೆ ಕೇಳಲು ಹೋಗಿ ತನ್ನನ್ನೇ ಬೈದುಕೊಂಡೀರಿ ಎಂದು ಹದೀಸಿದೆ. ಸ್ಟೀರಿಂಗ್ ಹಿಡಿದವರಿಗೆ ನಿದ್ದೆ ಇನ್ನೂ ಎಷ್ಟು ಮುಖ್ಯ, ಯೋಚಿಸಿ. ನಿಮ್ಮ ಮಕ್ಕಳು ದಾರಿ ಕಾಯುತ್ತಿರುತ್ತಾರೆ.

ಪ್ರಶ್ನೆ (ಕುಮಟಾದ ವಿದ್ಯಾರ್ಥಿ): ಒಂದು ತಿಂಗಳಿಂದ ದಿನಾ ಎಂಟು ರಕಾತ್ ಮಾಡುತ್ತಿದ್ದೇನೆ. ಕೊನೆಗೆ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ. ಕ್ಲಾಸಿನಲ್ಲಿ ನಿದ್ದೆ.

ಉತ್ತರ: ಒಮ್ಮೆ ಪ್ರವಾದಿಯವರು (ಸ) ಮಸೀದಿಗೆ ಬಂದಾಗ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿತ್ತು. ಇದೇನು ಎಂದು ಕೇಳಿದರು. ಅದು ನಿಮ್ಮ ಪತ್ನಿ ಝೈನಬ್ (ರ) ಕಟ್ಟಿದ್ದು, ನಿಂತು ಸುಸ್ತಾದಾಗ ಹಿಡಿದುಕೊಳ್ಳಲು ಎಂದು ಅಲ್ಲಿದ್ದವರು ಅಂದರು. ಬಿಚ್ಚಿ ಅದನ್ನು, ಹುರುಪು ಇರುವಷ್ಟು ಹೊತ್ತು ಮಾಡಿ, ಸುಸ್ತಾದರೆ ಕೂತುಕೊಳ್ಳಿ ಎಂದು ಪ್ರವಾದಿಯವರು (ಸ) ಹೇಳಿದರು. ನಿಮ್ಮ ಗೋಡೆಯೂ ಆ ಹಗ್ಗವೇ ತಮ್ಮಾ. ಎರಡಕ್ಕೆ ಇಳಿಸಿ. ಇಶಾ ಜಮಾಅತ್ (ಎಲ್ಲರೂ ಒಟ್ಟಾಗಿ ಮಾಡುವ ನಮಾಜ್) ಬಿಡಬೇಡಿ, ಮೊಬೈಲ್ ಹತ್ತಕ್ಕೇ ಆಚೆ ಕೋಣೆಯಲ್ಲಿಡಿ. ಪರೀಕ್ಷೆ ಮುಗಿಯಲಿ, ಆಮೇಲೆ ಬೇಕಾದರೆ ನಾಲ್ಕು ಮಾಡಿ.

ಕಾರವಾರದ ಸಹೋದರಿ (ಮರುದಿನ): ಮೌಲಾನಾ, ಇವತ್ತು ಎರಡು ರಕಾತ್ ಆಯ್ತು. ಒಲೆ ಮೇಲೆ ಚಹಾ ಇಟ್ಟು ನಿಂತಿದ್ದೆ, ಉಕ್ಕಿಹೋಯ್ತು.

ಉತ್ತರ: ಅಲ್ಲಾಹು ಸ್ವೀಕರಿಸಲಿ. ನಾಳೆ ಮೊದಲು ನಮಾಜ್ ಮುಗಿಸಿ, ಆಮೇಲೆ ಒಲೆ ಹಚ್ಚಿ ತಂಗಿ. ಎರಡು ರಕಾತ್‌ಗೆ ಐದೇ ನಿಮಿಷ, ಅವರಿಗೆ ತಡ ಆಗಲ್ಲ.